ಹೆಸರು ಹೇಳದೆ ಹೋದ ಅಣ್ಣನಿಗೆ

ದಾವಣಗೆರೆಯಲ್ಲಿ ಸಮುದ್ರದ ಮೀನು ಸಾಕುತ್ತೇನೆಂದರೆ ಜನ ನಗುತ್ತಾರೆ. ನಮಗೆ ಕುಂದವಾಡ ಕೆರೆಯೇ ಕಡಲು. ಆ ಭಾನುವಾರ 60 ಲೀಟರಿನ ತೊಟ್ಟಿಯಿಂದ ಎರಡು ಕ್ಲೌನ್ ಮೀನುಗಳನ್ನು 200 ಲೀಟರಿನ ತೊಟ್ಟಿಗೆ ಸಾಗಿಸಲು ಹೊರಟಿದ್ದೆ. ನೀವು ಬಂದಿದ್ದು ಆಟೊದಿಂದ ಗಾಜಿನ ತೊಟ್ಟಿ ಇಳಿಸುವುದಕ್ಕೆ ಮಾತ್ರ.

ನಾನು ಹಳೆಯ ತೊಟ್ಟಿಯ ಕಲ್ಲುಗಳನ್ನು ನಲ್ಲಿಯ ಕೆಳಗೆ ಹಿಡಿಯುತ್ತಿದ್ದಂತೆ ನೀವು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಆ ಕಲ್ಲಿನ ರಂಧ್ರಗಳಲ್ಲಿಯೇ ಇರುತ್ತದೆ, ನಲ್ಲಿ ನೀರಿನ ಕ್ಲೋರಿನ್ ಅದನ್ನು ಕೊಲ್ಲುತ್ತದೆ ಎಂದು ಅಂಗಳದಲ್ಲಿ ನಿಂತೇ ಪಾಠ ಮಾಡಿದಿರಿ. ಕಲ್ಲುಗಳು ಹಳೆಯ ಉಪ್ಪುನೀರಿನ ಬಕೆಟ್ಟಿಗೆ ಹೋದವು. ಕೊಳೆತ ಮೊಟ್ಟೆಯ ವಾಸನೆ ಬಂದ ಹಳೆಯ ಮರಳನ್ನು ಎಸೆಯಿಸಿದಿರಿ. (ನನಗೆ ಹೊಟ್ಟೆ ಉರಿಯಿತು, ಅದರ ಬೆಲೆ ನನಗೆ ಗೊತ್ತು.)

ಹಿಂದಿನ ದಿನವೇ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿಸಿಟ್ಟಿದ್ದೆ. ಅಷ್ಟಾದರೂ ಸರಿ ಮಾಡಿದ್ದೀರಿ ಎಂದಿರಿ. ಆ ಉಪ್ಪುನೀರಿನ ಸಾಂದ್ರತೆ 1.025 ಎಂದು ಎರಡು ಸಲ ಅಳೆದು, ಸಣ್ಣ ನಳಿಕೆಗೆ ಗಂಟು ಹಾಕಿ, ಹನಿಹನಿಯಾಗಿ ಒಂದು ಗಂಟೆ ಹೊಸ ನೀರು ಬಿಟ್ಟು ಮೀನುಗಳನ್ನು ಅದಕ್ಕೆ ಒಗ್ಗಿಸಿದಿರಿ. ನಡುವೆ ಕರೆಂಟ್ ಹೋಯಿತು, ಹೋಗದೆ ಇರುತ್ತದೆಯೇ! ಎಲ್ಲಿಂದಲೋ ಬ್ಯಾಟರಿ ಪಂಪ್ ತಂದಿರಿ.

ಹಣ ಮುಟ್ಟಲಿಲ್ಲ, ಚಹಾ ಕುಡಿಯಲಿಲ್ಲ. ನಿಮ್ಮ ಪಂಪ್ ನನ್ನಲ್ಲಿಯೇ ಇದೆ. ಬಂದು ತೆಗೆದುಕೊಂಡು ಹೋಗಿ, ಎರಡು ಬೆಣ್ಣೆ ದೋಸೆಯ ಸಾಲವೂ ಬಾಕಿಯಿದೆ. ದೊಡ್ಡ ಕ್ಲೌನ್ ಈಗ ಬಲಮೂಲೆ ತನ್ನದೆಂದು ಜಗಳವಾಡುತ್ತಿದೆ.