ಟವರನ್ನು ದೂರುವ ಮೊದಲು ಪೆಟ್ಟಿಗೆಯ ಮುಚ್ಚಳ ತೆಗೆಯಿರಿ

ಮಾನ್ಯ ಸಂಪಾದಕರೇ,

ಆಟಿ ಕಳೆದು ಸೋಣ ಬರುವ ಹೊತ್ತಿಗೆ, ಅಂದರೆ ಆಗಸ್ಟ್ ನಡುವಿಗೆ, ಕಾಸರಗೋಡಿನ ತೋಟಗಳಲ್ಲಿ ಪ್ರತಿ ವರ್ಷವೂ ಕೇಳಿಬರುವ ಮಾತೊಂದಿದೆ: ಜೇನು ಪೆಟ್ಟಿಗೆ ಖಾಲಿ, ನೊಣ ಓಡಿಹೋಯಿತು. ಯಾಕೆ ಎಂದು ಕೇಳಿದರೆ ಗುಡ್ಡದ ಮೇಲಿನ ಮೊಬೈಲ್ ಟವರಿನತ್ತ ಕೈ ತೋರಿಸುತ್ತಾರೆ. ನಿಮ್ಮ ಈ ಅಂಕಣಕ್ಕೂ ಅಂಥ ಪತ್ರಗಳು ಬರುತ್ತವೆ. ಟವರಿನ ಮೇಲೆ ನನಗೇನೂ ಪ್ರೀತಿಯಿಲ್ಲ. ಆದರೆ ಒಂದು ಲೆಕ್ಕ ತಾಳೆಯಾಗುವುದಿಲ್ಲ. ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ನಾಡ ತಳಿಯಾದ ತುಡುವೆ ಜೇನಿಗೆ ಅತಿ ದೊಡ್ಡ ಹೊಡೆತ ಬಿದ್ದದ್ದು 1991–92ರಲ್ಲಿ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ. ಕೇರಳ, ಕರ್ನಾಟಕ, ತಮಿಳುನಾಡುಗಳಲ್ಲಿ ಸಾಕಿದ ಜೇನು ಕುಟುಂಬಗಳ ಶೇ 90ಕ್ಕೂ ಹೆಚ್ಚು ಆಗ ನಾಶವಾದವೆಂದು ದಾಖಲೆಗಳು ಹೇಳುತ್ತವೆ. ನಮ್ಮ ದೇಶದಲ್ಲಿ ಮೊಬೈಲ್ ಸೇವೆ ಶುರುವಾದದ್ದೇ 1995ರಲ್ಲಿ. ಪೆಟ್ಟಿಗೆ ಖಾಲಿಯಾಗುವುದಕ್ಕೆ ಕಾರಣ ಹೆಚ್ಚಾಗಿ ಪೆಟ್ಟಿಗೆಯ ಒಳಗೇ ಇರುತ್ತದೆ, ಮತ್ತು ಅದನ್ನು ಓದಲು ಬರುತ್ತದೆ.

ಮೊದಲು ತಿಳಿಯಬೇಕಾದದ್ದು, ತುಡುವೆ ಒಂದೇ ದಿನದಲ್ಲಿ ಮನಸ್ಸು ಮಾಡಿ ಹೊರಡುವುದಿಲ್ಲ. ಪೂರಾ ಕುಟುಂಬ ಜಾಗ ಬಿಡುವುದಕ್ಕೆ ಎರಡು ಮೂರು ವಾರ ಮುಂಚೆ ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡಿ ಕೊನೆಗೆ ನಿಲ್ಲಿಸುತ್ತದೆ. ಇದ್ದ ಮರಿಗಳು ಬೆಳೆದು, ಮುಚ್ಚಿದ ಕಣಗಳಿಂದ ಹೊರಬರುವ ತನಕ ನೊಣಗಳು ಕಾಯುತ್ತವೆ. ಮೊಟ್ಟೆಯಿಂದ ಕೆಲಸಗಾರ ನೊಣವಾಗಲು ಹಿಡಿಯುವುದು ಸುಮಾರು 20 ದಿನ. ಅಷ್ಟರಲ್ಲಿ ಎರಿಯಲ್ಲಿ, ಅಂದರೆ ಕಣಗಳಿರುವ ಮೇಣದ ಹಲ್ಲೆಯಲ್ಲಿ, ಉಳಿದಿದ್ದ ಜೇನನ್ನೂ ಹೊಟ್ಟೆಗೆ ತುಂಬಿಸಿಕೊಳ್ಳುತ್ತವೆ. ಆಮೇಲೆ ಬಿಸಿಲು ಬಿದ್ದ ಒಂದು ಹಗಲು ಎಲ್ಲವೂ ಒಟ್ಟಿಗೆ ಏಳುತ್ತವೆ. ಅಂದರೆ ಮನೆ ಬಿಡುವ ನೋಟಿಸನ್ನು ಅವು ಮೂರು ವಾರ ಮೊದಲೇ ಕೊಟ್ಟಿರುತ್ತವೆ, ನಾವು ಮುಚ್ಚಳ ತೆಗೆದು ನೋಡಿರುವುದಿಲ್ಲ. ಎರಿಯನ್ನು ಬೆಳಕಿಗೆ ಹಿಡಿದಾಗ ಕಣದ ತಳದಲ್ಲಿ ಬಿಳಿ ನೂಲಿನ ತುಂಡಿನಂತೆ ನೆಟ್ಟಗೆ ನಿಂತ ಮೊಟ್ಟೆ ಕಂಡರೆ, ಕಳೆದ ಮೂರು ದಿನಗಳಲ್ಲಿ ರಾಣಿ ಅಲ್ಲಿ ಕೆಲಸ ಮಾಡಿದೆ ಎಂದರ್ಥ. ಮೊಟ್ಟೆಯಿಲ್ಲ, ಬಿಳಿ ಹುಳವಿಲ್ಲ, ಮುಚ್ಚಿದ ಮರಿ ಮಾತ್ರ ಇದೆ, ಬಾಗಿಲಲ್ಲಿ ಕಾಲಿಗೆ ಪರಾಗ ಅಂಟಿಸಿಕೊಂಡು ಬರುವ ನೊಣಗಳೂ ಇಲ್ಲ ಎಂದಾದರೆ ಹೊರಡುವ ತಯಾರಿ ನಡೆದಿದೆ. ಇನ್ನೊಂದು ಕುಟುಂಬದಿಂದ ಮೊಟ್ಟೆ ಮತ್ತು ಎಳೆ ಹುಳ ಇರುವ ಒಂದು ಎರಿಯ ಚೌಕಟ್ಟನ್ನು ನೊಣ ಕೊಡವಿ ತಂದಿಟ್ಟು, ಅಂದು ಸಂಜೆಯಿಂದಲೇ ಸಕ್ಕರೆ ಪಾಕ ಕೊಡಲು ತೊಡಗಿದರೆ ಬಹಳಷ್ಟು ಕುಟುಂಬಗಳು ನಿಲ್ಲುತ್ತವೆ. ಬಾಗಿಲಿಗೆ ರಾಣಿ ತಡೆ, ಅಂದರೆ ಕೆಲಸಗಾರ ನೊಣ ನುಸುಳಿ ರಾಣಿ ಮಾತ್ರ ಹೊರಹೋಗದ ಸಂದಿನ ತಡೆ, ಹಾಕುವುದೂ ಉಂಟು. ಅದು ನಾಲ್ಕು ದಿನದ ಉಪಾಯ ಮಾತ್ರ. ಹಸಿವೆಯ ಕಾರಣ ಹಾಗೆಯೇ ಉಳಿದರೆ ತಡೆಯಿಂದ ಏನೂ ಪ್ರಯೋಜನವಿಲ್ಲ. ಇನ್ನೂ ಹೊರಗೆ ಹಾರಿ ಗಂಡಿನೊಂದಿಗೆ ಕೂಡಿ ಬಾರದ ಎಳೆ ರಾಣಿಯಿರುವ ಪೆಟ್ಟಿಗೆಗಂತೂ ಅದನ್ನು ಹಾಕಲೇಬಾರದು.

ಮೊಟ್ಟೆ ಯಾಕೆ ನಿಲ್ಲುತ್ತದೆ? ಹೆಸರು ರಾಣಿಯಾದರೂ ಆಡಳಿತ ಅದರದ್ದಲ್ಲ. ಅದಕ್ಕೆ ಉಣಿಸುವುದು ಎಳೆಯ ಕೆಲಸಗಾರ ನೊಣಗಳು. ಹುಟ್ಟಿದ ಮೊದಲ ಎರಡು ಮೂರು ದಿನ ಕಣ ಸ್ವಚ್ಛ ಮಾಡುವ ನೊಣ, ಆಮೇಲೆ ಸುಮಾರು ಹನ್ನೆರಡು ದಿನದ ಪ್ರಾಯದ ತನಕ ದಾದಿಯ ಕೆಲಸ ಮಾಡುತ್ತದೆ. ತಲೆಯಲ್ಲಿರುವ ಗ್ರಂಥಿಗಳಿಂದ ಒಸರುವ ರಸವನ್ನು ಹುಳಗಳಿಗೂ ರಾಣಿಗೂ ಕೊಡುತ್ತದೆ. ನಂತರ ಮೇಣ ಒಸರಿಸಿ ಎರಿ ಕಟ್ಟುವುದು, ಬಾಗಿಲು ಕಾಯುವುದು, ಸುಮಾರು ಮೂರು ವಾರವಾದ ಮೇಲೆ ಹೂವಿಗೆ ಹೋಗುವುದು. ದಾದಿ ನೊಣದ ಗ್ರಂಥಿ ತುಂಬಬೇಕಾದರೆ ಅದು ಪರಾಗ ತಿನ್ನಬೇಕು. ಮಕರಂದದಿಂದ ಆಗುವ ಕೆಲಸ ಅದಲ್ಲ. ಜೂನ್, ಜುಲೈಯ ಎಡೆಬಿಡದ ಮಳೆಯಲ್ಲಿ ಪರಾಗ ಬರುವುದು ನಿಂತರೆ ಗ್ರಂಥಿ ಒಣಗುತ್ತದೆ, ರಾಣಿಗೆ ಉಣಿಸುವುದು ಕಡಿಮೆಯಾಗುತ್ತದೆ, ಮೊಟ್ಟೆ ನಿಲ್ಲುತ್ತದೆ. ಬರೀ ಸಕ್ಕರೆ ಪಾಕ ಕೊಟ್ಟರೂ ಮರಿ ಏಳಲಿಲ್ಲ ಎಂಬ ದೂರಿಗೆ ಉತ್ತರ ಇಲ್ಲಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಪರಾಗಕ್ಕೆ ಆಧಾರ ತೆಂಗಿನ ಹೊಂಬಾಳೆ ಮತ್ತು ನಾಚಿಕೆ ಮುಳ್ಳು (ಮುಟ್ಟಿದರೆ ಮುನಿ). ತೋಟದ ಬದಿಯ ನಾಚಿಕೆ ಮುಳ್ಳನ್ನು ಪೂರಾ ಸವರಿ ಹಾಕುವ ಮೊದಲು ಒಂದು ಬೆಳಿಗ್ಗೆ ಅದರ ಹೂವಿನ ಮೇಲೆ ಎಷ್ಟು ತುಡುವೆಗಳಿವೆ ನೋಡಿ.

ನನ್ನ ದೃಷ್ಟಿಯಲ್ಲಿ ಮಳೆಗಾಲದ ಪಲಾಯನಕ್ಕೆ ಬೀಜ ಬೀಳುವುದು ಮೇ ತಿಂಗಳಲ್ಲಿ. ನಮ್ಮ ಜಿಲ್ಲೆಯಲ್ಲಿ ಜೇನಿನ ಸುಗ್ಗಿ ಜನವರಿಯಿಂದ ಏಪ್ರಿಲ್ ತನಕ. ಪೂರ್ವದ ಗುಡ್ಡಗಳಲ್ಲಿ ರಬ್ಬರ್ ಎಲೆ ಉದುರಿಸಿ ಚಿಗುರುವಾಗ ಮಕರಂದ ಹೂವಿನಿಂದಲ್ಲ, ಮೂರು ಎಲೆಗಳು ಕೂಡುವ ಜಾಗದ ಗ್ರಂಥಿಗಳಿಂದ ಒಸರುತ್ತದೆ. ಗೇರು ಮತ್ತು ಕಾಡಿನ ಹೂಗಳು ಜೊತೆಗಿವೆ. ಮೇಲಿನ ಜೇನು ಕೋಣೆಯಿಂದ, ಮುಕ್ಕಾಲು ಪಾಲು ಮೇಣ ಮುಚ್ಚಿದ ಎರಿಗಳನ್ನು ಮಾತ್ರ ತೆಗೆದರೆ ತೊಂದರೆಯಿಲ್ಲ. ಮುಚ್ಚದ ಜೇನಿನಲ್ಲಿ ನೀರು ಹೆಚ್ಚು, ಬಾಟಲಿಯಲ್ಲಿ ಹುಳಿ ಬರುತ್ತದೆ. ಆದರೆ ಕೊನೆಯ ಸುತ್ತಿನಲ್ಲಿ ಹಲವರು ಕೆಳಗಿನ, ಮರಿಗಳಿರುವ ಸಂಸಾರ ಕೋಣೆಯ ಎರಿಯ ತಲೆಯಲ್ಲಿ ನೊಣಗಳು ತಮಗೆಂದು ಇಟ್ಟುಕೊಂಡದ್ದನ್ನೂ ಕೊಯ್ದು ಹಿಂಡುತ್ತಾರೆ. ಮೇ ಕೊನೆಗೆ ಕೋಲ, ಯಕ್ಷಗಾನಗಳ ಋತು ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಹೊತ್ತಿಗೆ ಜೇನು ತೆಗೆಯುವ ಯಂತ್ರವೂ ಅಟ್ಟ ಸೇರಿರಬೇಕು.

ಅಲ್ಲಿಂದ ಮುಂದೆ ಮಾಡಬೇಕಾದದ್ದು ಇಷ್ಟು. ಜೇನು ಕೋಣೆಯನ್ನು ತೆಗೆದಿಡಿ. ಸಂಸಾರ ಕೋಣೆಯಲ್ಲಿ ನೊಣ ಕವಿದಿರುವ ಎರಿಗಳನ್ನು ಮಾತ್ರ ಉಳಿಸಿ. ನಾಲ್ಕು ಎರಿಗೆ ಸಾಲುವ ನೊಣಕ್ಕೆ ಏಳು ಎರಿ ಬಿಟ್ಟರೆ ಆ ಮೂರು ಖಾಲಿ ಎರಿಗಳು, ಎರಿ ತಿನ್ನುವ ಮೇಣದ ಪತಂಗದ ಹುಳುಗಳ ಪಾಲಾಗುತ್ತವೆ. ಬಾಗಿಲನ್ನು ಎರಡು ಮೂರು ನೊಣ ಒಟ್ಟಿಗೆ ಹೋಗುವಷ್ಟಕ್ಕೆ ಕಿರಿದು ಮಾಡಿ. ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು ಹಾಕಿ ಕುದಿಸಿ ಆರಿಸಿದ ಪಾಕವನ್ನು ವಾರಕ್ಕೊಮ್ಮೆ, ಕುಟುಂಬಕ್ಕೆ ಸುಮಾರು 300 ಮಿಲಿಲೀಟರಿನಂತೆ, ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೆ ಇಡಿ. ತೆಂಗಿನ ಗೆರಟೆ ಸಾಕು, ಆದರೆ ಅದರಲ್ಲಿ ಸಣ್ಣ ಕಡ್ಡಿಗಳನ್ನು ತೇಲಿಬಿಡದಿದ್ದರೆ ಬೆಳಿಗ್ಗೆ ಸತ್ತ ನೊಣಗಳನ್ನು ಎತ್ತಿ ಚೆಲ್ಲಬೇಕಾದೀತು. ಬೆಲ್ಲದ ನೀರು ಬೇಡ, ನೊಣಗಳಿಗೆ ಭೇದಿಯಾಗುತ್ತದೆ. ಪಾಕ ಹೊರಗೆ ಚೆಲ್ಲಬಾರದು, ಮತ್ತು ಒಂದೇ ಕಡೆ ಇರುವ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸಂಜೆ ಕೊಡಬೇಕು. ಇಲ್ಲವಾದರೆ ಬಲದ ಕುಟುಂಬ ಬಡ ಕುಟುಂಬವನ್ನು ದೋಚುತ್ತದೆ. ಪೆಟ್ಟಿಗೆ ನಿಂತ ಕಾಲಿನ ಸುತ್ತ ನೀರಿನ ತಟ್ಟೆ ಇರಬೇಕು, ಅದಕ್ಕೆ ಹುಲ್ಲಿನ ಎಸಳೊಂದು ತಾಗಿದರೂ ಇರುವೆಗೆ ಸೇತುವೆ ಸಿಕ್ಕಿದಂತೆಯೇ.

ಈಗಾಗಲೇ ಖಾಲಿಯಾದ ಪೆಟ್ಟಿಗೆಯನ್ನು ಓದುವ ಬಗೆ. ಎರಿಯಲ್ಲಿ ಬಲೆ, ಕರಿಕಾಳಿನಂಥ ಹಿಕ್ಕೆ ಇದ್ದರೆ ಮೇಣದ ಪತಂಗ. ಆದರೆ ಬಲದ ಕುಟುಂಬವಿರುವಲ್ಲಿ ಅದಕ್ಕೆ ಜಾಗವಿಲ್ಲ, ಬಡವಾದ ಮೇಲೆ ಬಂದದ್ದು. ಮೂಲ ಕಾರಣ ಬೇರೆ ಇರುತ್ತದೆ. ಎರಿ ಒಣಗಿ ಚೊಕ್ಕಟವಾಗಿದೆ, ಜೇನಿಲ್ಲ, ಮರಿಯಿಲ್ಲ ಎಂದರೆ ಹಸಿವೆ. ಪೆಟ್ಟಿಗೆಯ ಮುಂದೆ ನಾಲಿಗೆ ಹೊರಚಾಚಿ ಸತ್ತ ನೊಣಗಳ ರಾಶಿ ಇದ್ದರೆ ವಿಷ. ಎರಿಯ ಕೆಳ ಅಂಚಿನಲ್ಲಿ ರಾಣಿ ಕಣಗಳು ಜೋತುಬಿದ್ದು, ಅರ್ಧದಷ್ಟು ನೊಣ ಉಳಿದಿದ್ದರೆ ಅದು ಓಡಿಹೋದದ್ದೇ ಅಲ್ಲ, ಪಾಲಾದದ್ದು, ಅಂದರೆ ಒಂದು ಕುಟುಂಬ ಎರಡಾದದ್ದು. ರಾಣಿ ಕಣದ ತುದಿ ದುಂಡಗೆ ಮುಚ್ಚಳದಂತೆ ತೆರೆದಿದ್ದರೆ ಹೊಸ ರಾಣಿ ಹುಟ್ಟಿದೆ. ಪಕ್ಕದಲ್ಲಿ ತೂತಾಗಿದ್ದರೆ ಮೊದಲು ಹುಟ್ಟಿದ ರಾಣಿ ಇದನ್ನು ಒಳಗೇ ಕೊಂದಿದೆ.

ಸ್ಯಾಕ್‌ಬ್ರೂಡ್ ರೋಗದ ಗುರುತನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಕಣದ ಮುಚ್ಚಳ ಅಲ್ಲಲ್ಲಿ ತೂತಾಗಿ ತೆರೆದಿರುತ್ತದೆ. ಒಳಗೆ ಹುಳ ಬೆನ್ನ ಮೇಲೆ ಚಾಚಿ ಮಲಗಿ, ತಲೆಯನ್ನು ಬಾಗಿಲಿನತ್ತ ಎತ್ತಿ ಸತ್ತಿರುತ್ತದೆ. ಬಣ್ಣ ಬಿಳಿಯಿಂದ ಹಳದಿ, ಮತ್ತೆ ಕಂದು. ಚಿಮುಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ. ಸತ್ತ ಹುಳವನ್ನು ಎತ್ತಿ ಚೊಕ್ಕಟ ಮಾಡುವ ದಾದಿ ನೊಣಗಳೇ ವೈರಸನ್ನು ಉಳಿದ ಹುಳಗಳಿಗೆ ಉಣಿಸುತ್ತವೆ. ಇದಕ್ಕೆ ಮದ್ದಿಲ್ಲ. ಮದ್ದು ಕೊಡುತ್ತೇನೆ ಎನ್ನುವವರನ್ನು ನಂಬಬೇಡಿ, ವೈರಸಿಗೆ ಆ್ಯಂಟಿಬಯಾಟಿಕ್ ನಾಟುವುದೂ ಇಲ್ಲ. ಮಾಡಬಹುದಾದದ್ದು ಸರಪಳಿ ಕಡಿಯುವುದು: ರಾಣಿಯನ್ನು ಸಣ್ಣ ಪಂಜರದಲ್ಲಿ ಪೆಟ್ಟಿಗೆಯ ಒಳಗೇ ಸುಮಾರು ಮೂರು ವಾರ ಕೂಡಿಹಾಕಿದರೆ ಹೊಸ ಹುಳ ಇರುವುದಿಲ್ಲ, ಅಷ್ಟರಲ್ಲಿ ನೊಣಗಳು ಕಣಗಳನ್ನು ಚೊಕ್ಕಟ ಮಾಡುತ್ತವೆ. ಆ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಕೊಡಬಾರದು, ಕತ್ತಿ ಕೈ ತೊಳೆಯದೆ ಇನ್ನೊಂದನ್ನು ಮುಟ್ಟಬಾರದು. ರೋಗ ಬಂದ ತೋಟದಲ್ಲಿ ಬಾಧೆಯಿಲ್ಲದೆ ಉಳಿದ ಕುಟುಂಬ ಯಾವುದೋ ಅದರಿಂದಲೇ ಮುಂದಿನ ರಾಣಿಗಳನ್ನು ಎಬ್ಬಿಸಬೇಕು. 1992ರ ನಂತರ ನಮ್ಮಲ್ಲಿ ತುಡುವೆ ಮತ್ತೆ ಕಂಡದ್ದು ಹಾಗೆ ತಾಳಿಕೊಂಡವುಗಳ ಸಂತತಿಯಿಂದ.

ರಾಣಿ ಸತ್ತ ಕುಟುಂಬದ ಪಾಡು ಬೇರೆ. ತುಡುವೆಯಲ್ಲಿ ಕೆಲಸಗಾರ ನೊಣಗಳು ಬಹಳ ಬೇಗ, ಒಂದೆರಡು ವಾರಗಳಲ್ಲೇ, ತಾವೇ ಮೊಟ್ಟೆಯಿಡಲು ತೊಡಗುತ್ತವೆ. ಒಂದೇ ಕಣದಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ತಳದಲ್ಲಲ್ಲ, ಗೋಡೆಗೆ ಅಂಟಿಕೊಂಡು. ಗಂಡಿನೊಂದಿಗೆ ಕೂಡದ ನೊಣದ ಮೊಟ್ಟೆಯಿಂದ ಗಂಡು ಮಾತ್ರ ಹುಟ್ಟುತ್ತದೆ. ಗಂಡು ನೊಣ ಪರಾಗ ತರುವುದಿಲ್ಲ, ಕಾವಲು ಕಾಯುವುದಿಲ್ಲ, ಚುಚ್ಚುವ ಮುಳ್ಳೂ ಅದಕ್ಕಿಲ್ಲ. ಕುಟುಂಬ ಕರಗುತ್ತದೆ. ಈ ಹಂತಕ್ಕೆ ಬರುವ ಮೊದಲೇ ಅದನ್ನು ರಾಣಿಯಿರುವ ಪೆಟ್ಟಿಗೆಗೆ ಸೇರಿಸುವುದು ಜಾಣತನ. ಸೇರಿಸುವಾಗ ನಡುವೆ ಓದಿ ಮುಗಿದ ಪತ್ರಿಕೆಯ ಒಂದು ಹಾಳೆ ಹಾಸಿ, ಗುಂಡುಸೂಜಿಯಿಂದ ನಾಲ್ಕಾರು ತೂತು ಮಾಡಿ, ರಾಣಿಯಿಲ್ಲದ ಕೋಣೆಯನ್ನು ಮೇಲಿಡಬೇಕು. ಎರಡು ಮೂರು ದಿನಗಳಲ್ಲಿ ನೊಣಗಳು ಕಾಗದ ಕೊರೆದು ಒಂದಾಗುತ್ತವೆ. ಅಷ್ಟರಲ್ಲಿ ಎರಡರ ವಾಸನೆಯೂ ಬೆರೆತಿರುವುದರಿಂದ ಕಾದಾಟವಿಲ್ಲ. (ಸಂಪಾದಕರು ತಪ್ಪು ತಿಳಿಯಬಾರದು, ಯಾವ ಪತ್ರಿಕೆಯಾದರೂ ಆಗುತ್ತದೆ.)

ಅಕ್ಟೋಬರದಿಂದ ಡಿಸೆಂಬರ್ ಪಾಲಾಗುವ ಕಾಲ. ಏಳು ಎರಿ ತುಂಬಿ, ಗಂಡು ಮರಿ ಎದ್ದು, ರಾಣಿ ಕಣ ಕಟ್ಟಿದ ಮೇಲೆ ಸುಮ್ಮನಿದ್ದರೆ ಹಳೆ ರಾಣಿ ಅರ್ಧ ನೊಣಗಳೊಂದಿಗೆ ಹೋಗುತ್ತದೆ, ಹೆಚ್ಚಾಗಿ ಮೊದಲ ರಾಣಿ ಕಣ ಮುಚ್ಚಿದ ಬೆನ್ನಿಗೇ. ಅದಕ್ಕೆ ಮುಂಚೆ ನಾವೇ ಪಾಲು ಮಾಡಬೇಕು. ಮರಿಯಿರುವ ಎರಿಗಳಲ್ಲಿ ಅರ್ಧವನ್ನು ನೊಣಗಳ ಸಮೇತ, ಒಂದು ಮುಚ್ಚಿದ ರಾಣಿ ಕಣದೊಂದಿಗೆ ಹೊಸ ಪೆಟ್ಟಿಗೆಗೆ ಹಾಕಿ, ಹಳೆ ರಾಣಿಯ ಪೆಟ್ಟಿಗೆಯಲ್ಲಿ ಉಳಿದ ರಾಣಿ ಕಣಗಳನ್ನೆಲ್ಲ ಕೊಯ್ಯಿರಿ. ಹಳೆ ಜಾಗದ ಎಡಕ್ಕೊಂದು ಬಲಕ್ಕೊಂದು ಪೆಟ್ಟಿಗೆ ಇಟ್ಟರೆ ಹೂವಿನಿಂದ ಮರಳುವ ನೊಣಗಳು ಎರಡಕ್ಕೂ ಹಂಚಿಹೋಗುತ್ತವೆ. ಒಂದರಲ್ಲಿ ಕಡಿಮೆಯಾದರೆ ಅದನ್ನು ಹಳೆ ಜಾಗದತ್ತ ಸ್ವಲ್ಪ ಸರಿಸಿದರೆ ಸರಿಹೋಗುತ್ತದೆ. ಹೊಸ ರಾಣಿ ಹುಟ್ಟಿದ ಹದಿನೈದು ದಿನಗಳಲ್ಲಿ ಮೊಟ್ಟೆ ಕಾಣದಿದ್ದರೆ, ಕೂಡಲು ಹಾರಿದ್ದು ಹಿಂದಿರುಗಿಲ್ಲ.

ಪೆಟ್ಟಿಗೆಯ ಅಳತೆಯ ಬಗ್ಗೆ ಒಂದೇ ಮಾತು. ತುಡುವೆಗೆ ಎರಿಗಳ ನಡುವೆ ಬೇಕಾದ ಓಡಾಟದ ಸಂದು ಏಳೆಂಟು ಮಿಲಿಮೀಟರ್. ತುಡುವೆಗಿಂತ ದೊಡ್ಡದಾದ ಇಟಾಲಿಯನ್ ನೊಣದ ಪೆಟ್ಟಿಗೆ ನೋಡಿ ಬಡಗಿ ಮಾಡಿಕೊಟ್ಟದ್ದರಲ್ಲಿ ಸಂದು ಅಗಲವಾಗಿ ಅಡ್ಡ ಎರಿ ಕಟ್ಟುತ್ತವೆ, ಒಂದು ಚೌಕಟ್ಟು ಎತ್ತಿದರೆ ಮೂರು ಹರಿಯುತ್ತವೆ.

ಗೇರು ತೋಟದವರಲ್ಲಿ ಒಂದು ವಿನಂತಿ. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆಗೆ ಚಿಗುರಿನ ಹಂತದಲ್ಲೇ ಮದ್ದು ಬಿಟ್ಟರೆ ಹೂವಿನ ಕಾಲದಲ್ಲಿ ಬಿಡುವ ಅಗತ್ಯ ಕಡಿಮೆಯಾಗುತ್ತದೆ. ಬಿಡಲೇಬೇಕಾದರೆ ನೊಣ ಗೂಡು ಸೇರಿದ ಸಂಜೆ ಬಿಡಿ, ಹಿಂದಿನ ದಿನ ನೆರೆಕರೆಯ ಜೇನು ಸಾಕುವವರಿಗೆ ತಿಳಿಸಿ. ಎಂಡೋಸಲ್ಫಾನ್ ಕಂಡ ಜಿಲ್ಲೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊನೆಗೆ ಪೆಟ್ಟಿಗೆ ಹಂಚುವವರಿಗೆ. ಸಬ್ಸಿಡಿಯ ಪೆಟ್ಟಿಗೆಗಳನ್ನು ಮೇ, ಜೂನಿನಲ್ಲಿ ಕೊಟ್ಟರೆ ಹೊಸಬನ ಕೈಗೆ ಕುಟುಂಬ ಸಿಗುವುದು ಅದರ ಅತಿ ಕಷ್ಟದ ಕಾಲದಲ್ಲಿ. ಅಕ್ಟೋಬರದಲ್ಲಿ ಕೊಡಿ. ಕೊಡುವಾಗ ನಾಲ್ಕು ಎರಿಗಳಾದರೂ ಇರಲಿ, ರಾಣಿ ಮೊಟ್ಟೆಯಿಡುತ್ತಿರುವುದನ್ನು ಪಡೆಯುವವರಿಗೆ ತೋರಿಸಿಯೇ ಕೊಡಿ. ಮೊದಲ ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಬಂದು ಮುಚ್ಚಳ ತೆಗೆದು ನೋಡುವ ಒಬ್ಬ ತಿಳಿದವರನ್ನು ಪ್ರತಿ ಪಂಚಾಯತಿಗೆ ಗೊತ್ತುಮಾಡಿ. ಮತ್ತು ಎಣ್ಮಕಜೆ, ಬದಿಯಡ್ಕ, ಕಾರಡ್ಕ, ದೇಲಂಪಾಡಿಯಂಥ ಪಂಚಾಯತಿಗಳ ಕೃಷಿ ಭವನಗಳಲ್ಲಿ ರೋಗದ ಗುರುತು, ಪಾಕದ ಅಳತೆ, ತಿಂಗಳುವಾರು ಕೆಲಸಗಳ ಕರಪತ್ರ ಮಲಯಾಳದ ಜೊತೆ ಕನ್ನಡದಲ್ಲೂ ಸಿಗುವಂತೆ ಮಾಡಿ. ಮುಂದಿನ ಹಂಚಿಕೆಗೆ ಮೊದಲು ಇದಾಗಬೇಕು.

— ಒಬ್ಬ ಜೇನು ಕೃಷಿಕ, ಪೆರ್ಲ, ಕಾಸರಗೋಡು ಜಿಲ್ಲೆ