ನೆಟ್ ಹತ್ತಿರ ನಿಲ್ಲುವವರು

ಮಿಲ್ಟನ್ ಕೀನ್ಸ್
ಭಾನುವಾರ ಮಧ್ಯಾಹ್ನ

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವು, ಅಮ್ಮ, ಅಜ್ಜಿ ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ, ಗಾಬರಿ ಬೇಡ ಅಂತ ಹೇಳಿ.

ಮೊನ್ನೆ ಫೋನಿನಲ್ಲಿ ನೀವೊಂದು ಮಾತು ಹೇಳಿದಿರಿ. "ಶಟಲ್‌ಗೆ ರೂಲ್ಸ್ ಬರೆದವರು ಇಂಗ್ಲಿಷರು, ಆಡಿ ತೋರಿಸಿದವರು ಮಾತ್ರ ನಮ್ಮ ಕಡೆಯವರು" ಅಂತ. ಆಗ ಹೂಂ ಅಂದುಬಿಟ್ಟೆ. ಆಮೇಲೆ ನಾಲ್ಕು ದಿನ ಅದೇ ತಲೆಯಲ್ಲಿ ಓಡುತ್ತಿತ್ತು. ಅದು ಪೂರ್ತಿ ಸರಿಯಲ್ಲ ಅಪ್ಪ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. 1980ರಲ್ಲಿ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಪ್ರಕಾಶ್ ಪಡುಕೋಣೆ ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್ ಅವರನ್ನು 15-3, 15-10ರಲ್ಲಿ ಸೋಲಿಸಿದ ಕಥೆ ಕೇಳುತ್ತಲೇ ನಾನು ಬೆಳೆದವಳು. ಆ ಸ್ಕೋರು ನನಗೆ ಮಗ್ಗಿಗಿಂತ ಮೊದಲೇ ಬಾಯಿಪಾಠ ಆಗಿತ್ತು. ಆದರೆ ಆ ಆಲ್ ಇಂಗ್ಲೆಂಡ್ ಟೂರ್ನಮೆಂಟ್ ಶುರುವಾಗಿದ್ದು 1899ರಲ್ಲಿ. ಅಲ್ಲಿಂದ ಪ್ರಕಾಶ್ ಅವರ ಕಾಲದವರೆಗೆ ಅದನ್ನು ಗೆದ್ದ ಇಲ್ಲಿಯವರು ಯಾರು ಅಂತ ನಾವು ಯಾವತ್ತೂ ಕೇಳಿಕೊಳ್ಳಲೇ ಇಲ್ಲ, ಅಲ್ವಾ?

ಮೊದಲು ಸರ್ ಜಾರ್ಜ್ ಥಾಮಸ್ ವಿಷಯ. ನಿಮಗೆ ಇವರು ಬಹಳ ಇಷ್ಟವಾಗುತ್ತಾರೆ, ಯಾಕೆಂದರೆ ನಿಮ್ಮ ಎರಡೂ ಹುಚ್ಚು ಇವರಿಗಿತ್ತು: ಶಟಲ್ ಮತ್ತು ಚೆಸ್. ಆಲ್ ಇಂಗ್ಲೆಂಡ್‌ನಲ್ಲಿ ಒಟ್ಟು 21 ಪ್ರಶಸ್ತಿ ಗೆದ್ದವರು. 1920ರಿಂದ 1923ರವರೆಗೆ ನಾಲ್ಕು ವರ್ಷ ಸತತವಾಗಿ ಸಿಂಗಲ್ಸ್ ಗೆದ್ದರು. ಮೊದಲನೆಯದನ್ನು ಗೆದ್ದಾಗ ವಯಸ್ಸು ಹತ್ತಿರ ಹತ್ತಿರ 40! ಚೆಸ್‌ನಲ್ಲೂ 1923 ಮತ್ತು 1934ರಲ್ಲಿ ಬ್ರಿಟಿಷ್ ಚಾಂಪಿಯನ್. 1934-35ರ ಹೇಸ್ಟಿಂಗ್ಸ್ ಟೂರ್ನಮೆಂಟಿನಲ್ಲಿ ಚೆಸ್ ದಿಗ್ಗಜರಾದ ಕಾಪಾಬ್ಲಾಂಕಾ ಮತ್ತು ಬೊತ್ವಿನಿಕ್ ಇಬ್ಬರನ್ನೂ ಸೋಲಿಸಿದರು. ನೀವು ನನಗೊಮ್ಮೆ ಬೋರ್ಡ್ ಮೇಲೆ ಒಂದು ಆಟ ತೋರಿಸಿದ್ದಿರಿ. ಎಡ್ವರ್ಡ್ ಲಾಸ್ಕರ್ ರಾಣಿಯನ್ನು ಬಲಿಕೊಟ್ಟು, ಎದುರಾಳಿಯ ರಾಜನನ್ನು ಆ ತುದಿಯಿಂದ ಈ ತುದಿಯವರೆಗೆ ಎಳೆದುಕೊಂಡು ಬಂದು ಮೇಟ್ ಮಾಡಿದ 1912ರ ಆಟ. ಆ ರಾಜ ಯಾರದ್ದು ಗೊತ್ತಾ? ಇದೇ ಜಾರ್ಜ್ ಥಾಮಸ್ ಅವರದ್ದು. ಇದು ತಿಳಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ನಮ್ಮ ಜಗಲಿಯಲ್ಲಿ ಕೂತು ನೋಡಿದ ಆಟ, ನಾವು ಹೆಸರು ಹೇಳುವ ಕಪ್ಪು, ಎರಡರಲ್ಲೂ ಒಬ್ಬರೇ ಇದ್ದರು.

ಹೌದು, ಗಂಡಸರ ತಂಡಗಳು ಆಡುವ ಥಾಮಸ್ ಕಪ್ ಅವರದ್ದೇ. ಅಂತಾರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್ 1934ರಲ್ಲಿ ಶುರುವಾದಾಗ ಮೊದಲ ಅಧ್ಯಕ್ಷರು ಅವರು. 1939ರಲ್ಲಿ ಕಪ್ ಕೊಟ್ಟರು. ಯುದ್ಧ ಬಂತು, ಮೊದಲ ಪಂದ್ಯಾವಳಿ 1948-49ಕ್ಕೆ ಹೋಯಿತು, ಗೆದ್ದಿದ್ದು ಮಲಯಾ. ಮಹಿಳೆಯರ ಊಬರ್ ಕಪ್ ಕೂಡ ಇಲ್ಲಿಯವರದ್ದೇ. 13 ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಬೆಟ್ಟಿ ಊಬರ್ ಕೊಟ್ಟಿದ್ದು. ಆ ಎರಡು ಕಪ್ಪನ್ನೂ ಇಂಗ್ಲೆಂಡ್ ಇವತ್ತಿನವರೆಗೆ ಒಮ್ಮೆಯೂ ಗೆದ್ದಿಲ್ಲ ಅಪ್ಪ. 2022ರಲ್ಲಿ ಬ್ಯಾಂಕಾಕ್‌ನಲ್ಲಿ ನಮ್ಮ ಹುಡುಗರು ಥಾಮಸ್ ಕಪ್ ಎತ್ತಿದಾಗ ನೀವು ಬೀದಿಗೆಲ್ಲ ಪೇಡೆ ಹಂಚಿದಿರಿ. ಆ ಕಪ್ಪನ್ನು ಕೊಟ್ಟವರ ನೆನಪಿಗೂ ಒಂದು ಪೇಡೆ ಎತ್ತಿಡಬೇಕಿತ್ತು ಅಂತ ಈಗ ಅನಿಸುತ್ತದೆ.

ಹಳೆಯ ಕಾಲದ ಹೆಂಗಸರ ಬಗ್ಗೆ ಬರೆಯುತ್ತಾ ಹೋದರೆ ಈ ಕಾಗದ ಸಾಲದು. ಕಿಟ್ಟಿ ಮೆಕೇನ್ ನಾಲ್ಕು ಸಲ ಆಲ್ ಇಂಗ್ಲೆಂಡ್ ಸಿಂಗಲ್ಸ್ ಗೆದ್ದರು, ಎರಡು ಸಲ ವಿಂಬಲ್ಡನ್ ಟೆನಿಸ್ ಸಿಂಗಲ್ಸ್ ಕೂಡ. 1926ರಲ್ಲಿ ಗಂಡನ ಜೊತೆ ವಿಂಬಲ್ಡನ್ ಮಿಕ್ಸೆಡ್ ಡಬಲ್ಸನ್ನೂ ಗೆದ್ದರು. ಗಿಲಿಯನ್ ಗಿಲ್ಕ್ಸ್ 1976ರ ಆಲ್ ಇಂಗ್ಲೆಂಡ್‌ನಲ್ಲಿ ಸಿಂಗಲ್ಸ್, ಡಬಲ್ಸ್, ಮಿಕ್ಸೆಡ್ ಮೂರನ್ನೂ ಬಾಚಿಕೊಂಡರು. ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಗಿಲ್ಕ್ಸ್ ಆಟ ಕಣ್ಣಾರೆ ಕಂಡವರು. ಅವರ ಹೆಸರು ಎತ್ತಿದರೆ ಸಾಕು, ಕೈಯಲ್ಲಿದ್ದ ಟೀ ಕೆಳಗಿಟ್ಟು ಹೇಳಲು ಶುರು ಮಾಡುತ್ತಾರೆ.

ಕ್ಲಬ್ಬಿನ ಬಗ್ಗೆ ಹೇಳಿರಲಿಲ್ಲ ಅಲ್ವಾ? ಪ್ರತಿ ಗುರುವಾರ ಸಂಜೆ ಒಂದು ಶಾಲೆಯ ಹಾಲ್‌ನಲ್ಲಿ ಆಡುತ್ತೇವೆ. ನೆಲದ ಮೇಲೆ ನಾಲ್ಕೈದು ಬಣ್ಣದ ಗೆರೆಗಳಿವೆ, ಬೇರೆ ಬೇರೆ ಆಟಕ್ಕೆ ಬೇರೆ ಬೇರೆ ಬಣ್ಣ. ಮೊದಲ ವಾರ ನಮ್ಮ ಗೆರೆ ಯಾವುದು ಅಂತಲೇ ತಿಳಿಯಲಿಲ್ಲ. ಸೊಸೈಟಿ ಗೋಡೌನ್ ಹಿಂದೆ ನೀವು ಸುಣ್ಣದ ಪುಡಿಯಲ್ಲಿ ಎಳೆಯುತ್ತಿದ್ದ ಕೋರ್ಟು ನೆನಪಾಯಿತು. ಬಾಗಿಲ ಹತ್ತಿರ ಒಂದು ಹಲಗೆ ಇದೆ. ಅದರಲ್ಲಿ ನಮ್ಮ ನಮ್ಮ ಹೆಸರಿನ ಪೆಗ್ ಸಿಕ್ಕಿಸಬೇಕು. ಸರದಿ ಬಂದವರು ಹಲಗೆ ನೋಡಿ ನಾಲ್ಕು ಜನರನ್ನು ಆರಿಸುತ್ತಾರೆ. ಯಾವಾಗಲೂ ನಾಲ್ಕು ಜನ, ಯಾವಾಗಲೂ ಡಬಲ್ಸ್. ಸಿಂಗಲ್ಸ್ ಆಡುವುದನ್ನು ನಾನು ಅಲ್ಲಿ ನೋಡಿಯೇ ಇಲ್ಲ.

ಇಲ್ಲಿಯೇ ನನಗೆ ವಿಷಯ ಹೊಳೆದಿದ್ದು. ಬ್ರಿಟನ್ ಒಲಿಂಪಿಕ್ ಬ್ಯಾಡ್ಮಿಂಟನ್‌ನಲ್ಲಿ ಗೆದ್ದ ಪದಕ ಮೂರು. ಮೂರೂ ಡಬಲ್ಸ್‌ನವು. 2000ದಲ್ಲಿ ಸಿಡ್ನಿಯಲ್ಲಿ ಸೈಮನ್ ಆರ್ಚರ್, ಜೋಆನ್ ಗೂಡ್ ಜೋಡಿಗೆ ಮಿಕ್ಸೆಡ್ ಡಬಲ್ಸ್ ಕಂಚು. 2004ರಲ್ಲಿ ಅಥೆನ್ಸ್‌ನಲ್ಲಿ ನೇಥನ್ ರಾಬರ್ಟ್‌ಸನ್, ಗೇಲ್ ಎಮ್ಸ್ ಜೋಡಿಗೆ ಮಿಕ್ಸೆಡ್ ಬೆಳ್ಳಿ. 2016ರಲ್ಲಿ ರಿಯೊದಲ್ಲಿ ಮಾರ್ಕಸ್ ಎಲ್ಲಿಸ್, ಕ್ರಿಸ್ ಲ್ಯಾಂಗ್ರಿಜ್ ಜೋಡಿಗೆ ಪುರುಷರ ಡಬಲ್ಸ್ ಕಂಚು. ನಾವು ಸಿಂಗಲ್ಸ್ ಕಣ್ಣಿನಿಂದ ನೋಡಿ ಇವರಿಗೆ ಆಟ ಬರಲ್ಲ ಅಂದುಬಿಟ್ಟೆವು. ಇವರ ಆಟ ಜೋಡಿಯಲ್ಲಿದೆ.

ಗೇಲ್ ಎಮ್ಸ್ ಅವರ ಅಥೆನ್ಸ್ ಫೈನಲ್ ನೀವು ನೋಡಲೇಬೇಕು. ಎದುರಿಗೆ ಚೀನಾದ ಜಾಂಗ್ ಜುನ್, ಗಾವ್ ಲಿಂಗ್. ಅವರು ಸಿಡ್ನಿಯ ಚಾಂಪಿಯನ್ನರು. ಮೊದಲ ಗೇಮ್ 1-15ರಲ್ಲಿ ಹೋಯಿತು. ಒಂದೇ ಒಂದು ಪಾಯಿಂಟ್! ಅಷ್ಟಾದ ಮೇಲೆ ಯಾರಿಗಾದರೂ ಕೈಕಾಲು ಆಡಲ್ಲ. ಇವರು ಎರಡನೇ ಗೇಮನ್ನು 15-12ರಲ್ಲಿ ಗೆದ್ದರು. ಮೂರನೆಯದು ಕೊನೆಯವರೆಗೂ ಎಳೆದಾಡಿ 12-15ರಲ್ಲಿ ಕೈತಪ್ಪಿತು. ರಾಬರ್ಟ್‌ಸನ್ ಹಿಂದಿನಿಂದ ಹೊಡೆಯುತ್ತಾರೆ, ಎಮ್ಸ್ ಮುಂದೆ ನೆಟ್ ಹತ್ತಿರ ನಿಲ್ಲುತ್ತಾರೆ. ಮಂಡಿ ಬಗ್ಗಿಸಿ, ರಾಕೆಟ್ ನೆಟ್ಟಿನ ಪಟ್ಟಿಗಿಂತ ಮೇಲೆ ಹಿಡಿದು. ಸೋತ ಗೇಮಿನಲ್ಲೂ ಆ ರಾಕೆಟ್ ಕೆಳಗೆ ಇಳಿಯಲಿಲ್ಲ. ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಆಮೇಲೆ 2006 ಅವರ ವರ್ಷ. ಕಾಮನ್‌ವೆಲ್ತ್ ಚಿನ್ನ, ಮ್ಯಾಡ್ರಿಡ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ. ಆ ವಿಶ್ವ ಫೈನಲ್‌ನಲ್ಲಿ ಎದುರಿಗಿದ್ದವರೂ ಇಂಗ್ಲೆಂಡಿನ ಜೋಡಿಯೇ, ಆಂಥೊನಿ ಕ್ಲಾರ್ಕ್ ಮತ್ತು ಡೊನ್ನಾ ಕೆಲ್ಲಾಗ್. ಅವರ ನಂತರ ಕ್ರಿಸ್ ಮತ್ತು ಗ್ಯಾಬಿ ಆಡ್‌ಕಾಕ್ ಬಂದರು. ಗಂಡ ಹೆಂಡತಿ ಇಬ್ಬರೂ ಸೇರಿ 2014, 2018 ಎರಡೂ ಕಾಮನ್‌ವೆಲ್ತ್‌ನಲ್ಲಿ ಮಿಕ್ಸೆಡ್ ಚಿನ್ನ ಗೆದ್ದರು.

ಇನ್ನು ನನಗೆ ಹೊಟ್ಟೆ ಉರಿದ ಸಂಗತಿ. ರಿಯೊದಲ್ಲಿ ಎಲ್ಲಿಸ್, ಲ್ಯಾಂಗ್ರಿಜ್ ಚೀನಾದ ಜೋಡಿಯನ್ನು 21-18, 19-21, 21-10ರಲ್ಲಿ ಸೋಲಿಸಿ ಕಂಚು ತಂದರು. ನಾಲ್ಕೇ ತಿಂಗಳಿಗೆ, ಆ ಡಿಸೆಂಬರ್‌ನಲ್ಲಿ, ಮುಂದಿನ ಟೋಕಿಯೊ ಒಲಿಂಪಿಕ್ಸ್‌ಗೆ ಬ್ಯಾಡ್ಮಿಂಟನ್ನಿನ ಸರ್ಕಾರಿ ಅನುದಾನ ಪೂರ್ತಿ ನಿಲ್ಲಿಸಿದರು. ರಿಯೊಗೆ ಮುಂಚೆ 57 ಲಕ್ಷ ಪೌಂಡ್ ಸಿಗುತ್ತಿದ್ದ ಆಟಕ್ಕೆ ಸೊನ್ನೆ. ಆಮೇಲೆ ಸ್ವಲ್ಪ ಹಣ ಬಂತು ನಿಜ, ಆದರೆ ಪದಕ ತಂದವರಿಗೆ ಮಾಡುವ ಮರ್ಯಾದೆ ಇದಾ? 2017ರಲ್ಲಿ ಗೇಲ್ ಎಮ್ಸ್ ತಮ್ಮ ಕಷ್ಟವನ್ನು ಬಹಿರಂಗವಾಗಿ ಹೇಳಿಕೊಂಡರು. ಅಥೆನ್ಸ್ ಬೆಳ್ಳಿಯನ್ನೇ ಮಾರಲು ಮುಂದಾದರು. ಓದಿ ನಾನು ಸುಮ್ನೆ ಕೂತುಬಿಟ್ಟೆ. ಆ ರಾಕೆಟ್ ಹಿಡಿದ ಕೈ ಕಣ್ಣ ಮುಂದೆ ಬಂತು.

ಡ್ಯಾನ್ ಬೆತೆಲ್ ಹೆಸರನ್ನೂ ನೆನಪಿಟ್ಟುಕೊಳ್ಳಿ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ. ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ. ಎರಡು ಸಲವೂ ಫೈನಲ್‌ನಲ್ಲಿ ಸೋಲಿಸಿದ್ದು ನಮ್ಮವರೇ. ಟೋಕಿಯೊದಲ್ಲಿ ಪ್ರಮೋದ್ ಭಗತ್, ಪ್ಯಾರಿಸ್‌ನಲ್ಲಿ ನಿತೇಶ್ ಕುಮಾರ್. ಪ್ಯಾರಿಸ್‌ನ ಕೊನೆಯ ಗೇಮ್ 23-21ಕ್ಕೆ ಹೋಯಿತು. ನಾನು ನಿತೇಶ್ ಪರ ಕೂಗಿದೆ, ಬೆತೆಲ್ ಸೋತಾಗ ಕಣ್ಣಲ್ಲಿ ನೀರೂ ಬಂತು. ನಮ್ಮ ಹಾಸನದ ಸುಹಾಸ್ ಯತಿರಾಜ್ ಕೂಡ ಹೀಗೇ ಎರಡು ಸಲ ಫೈನಲ್‌ವರೆಗೆ ಹೋಗಿ ಎರಡು ಬೆಳ್ಳಿ ತಂದವರು. ಆ ನೋವು ನಿಮಗೆ ಗೊತ್ತು.

ಕೊನೆಗೆ ಅಮ್ಮನ ವಿಷಯ. ನೀವು ನನಗೆ ಯಾವಾಗಲೂ "ಹಿಂದೆ ನಿಲ್ಲು, ಇಡೀ ಕೋರ್ಟು ನಿನ್ನದು" ಅಂತ ಕಲಿಸಿದಿರಿ. ಇಲ್ಲಿ ಮೊದಲ ತಿಂಗಳು ನಾನು ಹಿಂದೆಯೇ ನಿಂತು ಜೊತೆಯವರಿಗೆ ಅಡ್ಡ ಬರುತ್ತಿದ್ದೆ. ಆಗ ಕಿವಿಯಲ್ಲಿ ಕೇಳಿಸಿದ್ದು ಅಮ್ಮನ ದನಿ. ಮಜ್ಜಿಗೆ ಚೊಂಬು ಹಿಡಿದು ಕಟ್ಟೆ ಮೇಲೆ ಕೂತು "ಮುಂದೆ ಹೋಗೇ, ನೆಟ್ ಹತ್ರ ಹೋಗೇ" ಅಂತ ಕೂಗುತ್ತಿದ್ದಳು. ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ಕಾಲೇಜಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಟೀಮಿನ ಮುಂದಿನ ಸಾಲಿನಲ್ಲಿ ಆಡಿದವಳು. ಮದುವೆಯಾದ ಮೇಲೆ ಅವಳ ಕೈಗೆ ರಾಕೆಟ್ ಕೊಟ್ಟವರು ಯಾರು ಅಪ್ಪ?

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಎರಡು ಡಬ್ಬಿ ಗರಿ ಶಟಲ್ ಕಳಿಸುತ್ತಿದ್ದೇನೆ. ಒಂದು ಡಬ್ಬಿ ಅಮ್ಮನದ್ದು, ಮೇಲೆ ಅವಳ ಹೆಸರು ಬರೆದಿದ್ದೇನೆ. ಅಟ್ಟದ ಮೇಲಿರುವ ನನ್ನ ಹಳೆಯ ರಾಕೆಟ್ಟಿಗೆ ಹೊಸ ಗಟ್ ಹಾಕಿಸಿ, ಬಿಗಿ ಜಾಸ್ತಿ ಬೇಡ. ಪಕ್ಕದ ಮನೆಯವರನ್ನೂ ಕರೆದು ನಾಲ್ಕು ಜನ ಆಡಿ. ಅಮ್ಮ ಮುಂದೆ ನಿಲ್ಲಲಿ. ಹಿಂದೆ ಬಂದಿದ್ದನ್ನು ನೀವು ನೋಡಿಕೊಳ್ಳಿ, ಆದರೆ ಮಂಡಿ ನೋವಿದ್ದರೆ ಓಡಬೇಡಿ.

ಅಜ್ಜಿಗೆ ನಮಸ್ಕಾರ ತಿಳಿಸಿ. ಯಾರು ಗೆದ್ದರು ಅಂತ ಬರೆಯಿರಿ.

ನಿಮ್ಮ ಮಗಳು,
ಸುಮಾ