ಡಬಲ್ ಬಾಸ್‌ಗೆ ಹೊಸ ಅಳವಡಿಕೆಗಳು: ಗುಂಪಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಡಬಲ್ ಬಾಸ್ (ಪಿಟೀಲು ಬಗೆಯ ದೊಡ್ಡ ವಾದ್ಯ) ನುಡಿಸುತ್ತಿದ್ದ ಸಂಯೋಜಕರಾದ ಬೊಟ್ಟೆಸಿನಿ, ಡ್ರಾಗೊನೆಟ್ಟಿ, ಕುಸೆವಿಟ್ಸ್ಕಿ. ನಮ್ಮ ಸೋಲೋ ಪಟ್ಟಿ ಮತ್ತೆ ಮತ್ತೆ ಇಲ್ಲೇ ಸುತ್ತುತ್ತದೆ, ಅಲ್ವಾ? ಹಾಗಾಗಿ ಈ ತಿಂಗಳು ಪ್ರತಿಯೊಬ್ಬರೂ ಬೇರೆ ವಾದ್ಯದ ಒಂದು ಕೃತಿಯನ್ನು ಬಾಸ್‌ಗೆ ಅಳವಡಿಸಿ ಇಲ್ಲಿ ಹಾಕಿ.

ಆಯ್ಕೆ ಮಾಡುವಾಗ ತಂತಿಗಳನ್ನು ನೋಡಿ. ಚೆಲ್ಲೋ ತಂತಿಗಳು ಸಿ, ಜಿ, ಡಿ, ಎ. ನಮ್ಮವು ಇ, ಎ, ಡಿ, ಜಿ. ಬಾಖ್‌ನ ಚೆಲ್ಲೋ ಸ್ವೀಟ್‌ಗಳು (ಸಣ್ಣ ತುಣುಕುಗಳ ಮಾಲೆಗಳು) ಎಲ್ಲರಿಗೂ ಇಷ್ಟ, ಆದರೆ ಅಲ್ಲಿ ಖಾಲಿ ತಂತಿಯಲ್ಲಿ ಬರುವ ಕೆಳಗಿನ ಸಿ ನಮ್ಮ ನಾಲ್ಕು ತಂತಿಯ ಬಾಸ್‌ನಲ್ಲಿ ಇಲ್ಲವೇ ಇಲ್ಲ. ಕಾರ್ಡ್‌ಗಳೂ (ಒಟ್ಟಿಗೆ ನುಡಿಸುವ ಸ್ವರಗಳು) ಹಲವು ಕಡೆ ಕೈಗೆ ಸಿಗುವುದಿಲ್ಲ. ಸುಮ್ನೆ ಹಾಗೇ ನಕಲು ಮಾಡಬೇಡಿ. ಯಾವ ಸ್ವರ ಬಿಟ್ಟಿರಿ, ಯಾವುದನ್ನು ಮೇಲಿನ ಸ್ಥಾಯಿಗೆ ಏರಿಸಿದಿರಿ ಎಂದು ಗುರುತು ಹಾಕಿ.

ನನ್ನ ಓಟು ಶೂಬರ್ಟ್ 1824ರಲ್ಲಿ ಆರ್ಪೆಜಿಯೋನೆಗೆ ಬರೆದ ಸೊನಾಟಾಗೆ. ಕಮಾನಿನಿಂದ ನುಡಿಸುತ್ತಿದ್ದ ಆ ವಾದ್ಯ ಬೇಗನೇ ಮೂಲೆ ಸೇರಿತು, ಈಗ ಆ ಸೊನಾಟಾವನ್ನು ಹೆಚ್ಚಾಗಿ ಚೆಲ್ಲೋದವರು ನುಡಿಸುತ್ತಾರೆ. ಆರ್ಪೆಜಿಯೋನೆಗೆ ಗಿಟಾರ್‌ನಂತೆ ಆರು ತಂತಿ, ಕೆಳಗಿನ ನಾಲ್ಕರ ಹೆಸರು ನಮ್ಮವೇ: ಇ, ಎ, ಡಿ, ಜಿ! ಚೆಲ್ಲೋದವರಿಗಿಂತ ನಮಗೇ ಹಕ್ಕು ಜಾಸ್ತಿ ಅನ್ನಬಹುದು.

ಸೋಲೋ ಟ್ಯೂನಿಂಗ್‌ನಲ್ಲಿ (ತಂತಿಗಳನ್ನು ಒಂದು ಪೂರ್ಣ ಸ್ವರ ಏರಿಸಿ ಶ್ರುತಿ ಮಾಡಿ) ನುಡಿಸುವವರು ಪಿಯಾನೋ ಭಾಗವನ್ನು ಒಂದು ಪೂರ್ಣ ಸ್ವರ ಮೇಲಕ್ಕೆ ಬರೆಯಲೇಬೇಕು. ಬಾಸ್ ಹಾಳೆಯಲ್ಲಿ ಡಿ ಮೈನರ್ ಇದ್ದರೆ ಪಿಯಾನೋಗೆ ಇ ಮೈನರ್. ಇದು ತಪ್ಪಿದರೆ ಪಿಯಾನೋದವರು ಬೈಯುತ್ತಾರೆ.

ಬೆರಳು ಮತ್ತು ಕಮಾನಿನ ಗುರುತುಗಳಿರಲಿ. ಹಕ್ಕುಸ್ವಾಮ್ಯ ಇರುವ ಹಾಳೆಗಳ ಸ್ಕ್ಯಾನ್ ಬೇಡ. ಯಾವ ಕೃತಿ ಎಂದು ಭಾನುವಾರದೊಳಗೆ ತಿಳಿಸಿ, ಇಬ್ಬರು ಒಂದನ್ನೇ ಹಿಡಿಯುವುದು ತಪ್ಪುತ್ತದೆ.